ಫಿರೋಜಾ ಕಲ್ಲು ಟರ್ಕಿಯದ್ದಾ?

ವಿಜಯಪುರದ ನಮ್ಮ ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಫಿರೋಜಾ, ಅಂದರೆ ಇಂಗ್ಲಿಷಿನಲ್ಲಿ ಟರ್ಕಾಯ್ಸ್ ಅನ್ನುವ ನೀಲಿ ಕಲ್ಲಿನ ಬಗ್ಗೆ ಒಂದು ಮೆಸೇಜ್ ಬಂತು: 'ಟರ್ಕಾಯ್ಸ್ ಟರ್ಕಿಯ ಗಣಿಯಲ್ಲಿ ಸಿಗುತ್ತೆ, ಅದಕ್ಕೇ ಆ ಹೆಸರು. ಕಲ್ಲು ಹಸಿರಾದರೆ ಮನೆಗೆ ಕೇಡು.' ಎರಡೂ ತಪ್ಪು.

ಇದರ ಹೆಸರಾಂತ ಗಣಿಗಳಿರುವುದು ಇರಾನಿನ ನಿಶಾಪುರದ ಹತ್ತಿರ. ಕಲ್ಲು ಟರ್ಕಿ ದಾರಿಯಾಗಿ ಯುರೋಪಿಗೆ ಹೋಗುತ್ತಿತ್ತು. ಹಾಗಾಗಿ ಫ್ರೆಂಚರು 'ಟರ್ಕಿಯ ಕಲ್ಲು' ಅಂದರು, ಅಷ್ಟೇ. ನಾವು ಅನ್ನುವ ಫಿರೋಜಾ ಪಾರಸಿ ಮಾತು. ಅದರ ಬೇರು ಗೆಲುವು ಅನ್ನುವ ಅರ್ಥದ್ದು. ವಿಜಯದ ಹೆಸರಿನ ಊರಿನವರಿಗೆ ಇದೇ ಹತ್ತಿರದ ಹೆಸರು, ಅಲ್ವಾ?

ನಮ್ಮ ಅತ್ತೆಯ ಉಂಗುರದ ಕಲ್ಲೂ ಅಂಚಿನಲ್ಲಿ ಹಸಿರಾಗಿದೆ. ಅದೇ ಕೈಯಲ್ಲಿ ದಿನಾ ರೊಟ್ಟಿ ಬಡಿಯುತ್ತಾರೆ, ಎಣ್ಣೆಗಾಯಿ ಮಾಡುತ್ತಾರೆ. ಫಿರೋಜಾದಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ಎಣ್ಣೆ, ಬೆವರು ಹೀರಿ ಬಣ್ಣ ತಿರುಗುತ್ತೆ. ಸುಮ್ನೆ ಹೆದರಬೇಡಿ, ಅಡುಗೆಗೆ ಮೊದಲು ಉಂಗುರ ತೆಗೆದಿಡಿ.