ದುಡ್ಡು ಮೊದಲು ಯಾರಿಗೆ ಮರಳಬೇಕು?

ಕೋಟಿಗಟ್ಟಲೆ ವಂಚಿಸಿದ ಆರೋಪ ಹೊತ್ತವನೊಬ್ಬ ಪೊಲೀಸ್ ವಾಹನ ಹತ್ತುವ ಫೋಟೊ ಬಂದ ದಿನ ನಮ್ಮ ಸಿಟ್ಟು ಉಕ್ಕಿ ಹರಿಯುತ್ತದೆ. ಗಲ್ಲಿಗೇರಿಸಿ, ನಡುಬೀದಿಯಲ್ಲಿ ನಿಲ್ಲಿಸಿ ಎಂದು ಬರೆಯುತ್ತೇವೆ. ಆ ಸಿಟ್ಟು ನನಗೂ ಇದೆ, ಅದು ನ್ಯಾಯವಾದದ್ದೇ. ಆದರೆ ಮುಟ್ಟುಗೋಲು ಹಾಕಿದ ಆಸ್ತಿ ಮಾರಾಟವಾದ ಮೇಲೆ ದುಡ್ಡು ಯಾರಿಗೆ, ಯಾವ ಸರದಿಯಲ್ಲಿ ಮರಳಿತು ಎಂದು ನಾವು ಯಾರೂ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಇನ್ನೊಂದು ಹಗರಣ ಬಂದಿರುತ್ತದೆ.

ಕಿಂಗ್‌ಫಿಷರ್ ವಿಮಾನ ಸಂಸ್ಥೆಯ ಮಾಲೀಕರಾಗಿದ್ದ ವಿಜಯ್ ಮಲ್ಯ ಅವರ ಪ್ರಕರಣವನ್ನೇ ನೋಡಿ. 17 ಬ್ಯಾಂಕುಗಳಿಗೆ ಸುಮಾರು 9,000 ಕೋಟಿ ರೂಪಾಯಿ ಬಾಕಿ ಉಳಿಸಿ 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟರು. 2018ರ ಡಿಸೆಂಬರಿನಲ್ಲಿ ಲಂಡನ್ ನ್ಯಾಯಾಲಯ ಅವರನ್ನು ಭಾರತಕ್ಕೆ ಹಸ್ತಾಂತರಿಸಲು ಒಪ್ಪಿತು, 2020ರಲ್ಲಿ ಮೇಲ್ಮನವಿಯೂ ವಜಾ ಆಯಿತು. ಆಮೇಲೂ ವರ್ಷಗಳು ಉರುಳಿದವು. ಆ ವಿಚಾರಣೆಯ ನಡುವೆ ಅಲ್ಲಿನ ನ್ಯಾಯಾಧೀಶರು ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ತರಿಸಿಕೊಂಡು, ಕೋಣೆಗೆ ಗಾಳಿ ಬೆಳಕು ಇದೆಯೇ ಎಂದು ಪರಿಶೀಲಿಸಿದರು. ಕೈದಿಗೆ ಗಾಳಿ ಬೆಳಕು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಜೈಲಿನಲ್ಲಿ ಕಿಕ್ಕಿರಿದು ಮಲಗುವ ವಿಚಾರಣಾಧೀನ ಬಡವನ ಕೋಣೆಯ ವಿಡಿಯೊವನ್ನು ಯಾವ ನ್ಯಾಯಾಲಯವಾದರೂ ಕೇಳಿದ್ದು ನನಗೆ ಗೊತ್ತಿಲ್ಲ.

ಆ ಸಾಲಕ್ಕೆ ಅಡವಾಗಿದ್ದದ್ದೇನು? ಇತರ ಆಸ್ತಿಗಳ ಜೊತೆಗೆ ವಿಮಾನ ಸಂಸ್ಥೆಯ ಹೆಸರು ಮತ್ತು ಲಾಂಛನವೂ ಇದ್ದವು. 2016ರ ಏಪ್ರಿಲಿನಲ್ಲಿ ಅವುಗಳನ್ನು 366 ಕೋಟಿಯ ಮೂಲಬೆಲೆಗೆ ಹರಾಜಿಗಿಟ್ಟಾಗ ಒಬ್ಬನೂ ಕೂಗಲಿಲ್ಲ. ನಮ್ಮ ರೈತ ಕೆಲವೇ ಲಕ್ಷದ ಬೆಳೆಸಾಲಕ್ಕೆ ಹೋದರೆ ಪಹಣಿ ತಾ, ಋಣಭಾರ ಪತ್ರ ತಾ, ಜಾಮೀನುದಾರನನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಬರಿಯ ಹೆಸರನ್ನು ಅಡವಿಟ್ಟುಕೊಳ್ಳುವುದಕ್ಕೆ ಸಹಿ ಹಾಕಿದವರು ಯಾರೋ ಇದ್ದಾರಲ್ಲ. ಮಲ್ಯ ಅವರನ್ನು 2002ರಲ್ಲಿ ಮತ್ತು 2010ರಲ್ಲಿ ರಾಜ್ಯಸಭೆಗೆ ಕಳಿಸಿದವರೂ ನಮ್ಮ ಶಾಸಕರೇ. ನಮ್ಮ ಸಿಟ್ಟು ಅತ್ತ ತಿರುಗುವುದೇ ಇಲ್ಲ.

2024ರ ಡಿಸೆಂಬರಿನಲ್ಲಿ ಹಣಕಾಸು ಸಚಿವೆ ಲೋಕಸಭೆಯಲ್ಲಿ, ಮಲ್ಯ ಅವರ ಆಸ್ತಿಯಿಂದ 14,131 ಕೋಟಿ ರೂಪಾಯಿ ಬ್ಯಾಂಕುಗಳಿಗೆ ಮರಳಿದೆ ಎಂದರು. ಸಂತೋಷ. ಬ್ಯಾಂಕುಗಳ ದುಡ್ಡೆಂದರೆ ನಮ್ಮದೇ ದುಡ್ಡು. ಆದರೆ ಬ್ಯಾಂಕಿಗೆ ವಕೀಲರಿದ್ದಾರೆ, ಸಾಲ ವಸೂಲಿ ನ್ಯಾಯಮಂಡಳಿ ಇದೆ, ಬೆನ್ನಿಗೆ ಸರ್ಕಾರವಿದೆ. 2012ರಲ್ಲಿ ಏಳು ತಿಂಗಳ ಸಂಬಳವಿಲ್ಲದೆ ಮುಷ್ಕರ ಹೂಡಿದ ಆ ವಿಮಾನ ಸಂಸ್ಥೆಯ ಎಂಜಿನಿಯರುಗಳಿಗೆ ಏನಿತ್ತು? ಮೂರು ವರ್ಷದ ಬಳಿಕ ಗೋವಾದಲ್ಲಿ ಮಾಲೀಕರ ಅರವತ್ತನೆಯ ಹುಟ್ಟುಹಬ್ಬ ಅದ್ದೂರಿಯಾಗಿ ನಡೆಯಿತು. ಸಿಬ್ಬಂದಿ ಮಾತ್ರ ಬಾಕಿ ಸಂಬಳಕ್ಕಾಗಿ ವರ್ಷಗಟ್ಟಲೆ ಅಲೆದರು.

ಇನ್ನು ನಮ್ಮ ಊರು ಬೆಂಗಳೂರಿನ ಕಥೆ. 2019ರ ಜೂನ್‌ನಲ್ಲಿ, ಹೆಚ್ಚಿನ ಲಾಭದ ಆಸೆ ತೋರಿಸಿ ಜನರ ದುಡ್ಡು ಪಡೆದಿದ್ದ ಐಎಂಎ ಕಂಪನಿಯ ಬಾಗಿಲು ಮುಚ್ಚಿದಾಗ ಶಿವಾಜಿನಗರದ ಸಭಾಂಗಣವೊಂದರಲ್ಲಿ ಪೊಲೀಸರು ದೂರು ಸ್ವೀಕರಿಸುತ್ತಿದ್ದರು. ಹೊರಗೆ ಸ್ಕೂಟರಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಕಾಲೇಜು ಹುಡುಗನೊಬ್ಬ ಕಂಡವರಿಗೆಲ್ಲ ಅರ್ಜಿ ತುಂಬಿಕೊಡುತ್ತಿದ್ದುದನ್ನು ನಾನು ನೋಡಿದ್ದೇನೆ. ವಯಸ್ಸಾದ ಹೆಂಗಸೊಬ್ಬರು ಪ್ಲಾಸ್ಟಿಕ್ ಕವರಿನಿಂದ ಕರಾರು ಪತ್ರ, ಆಧಾರ್ ಜೆರಾಕ್ಸ್ ಒಂದೊಂದಾಗಿ ತೆಗೆದು ಅವನ ಮುಂದಿಟ್ಟರು. ಬಳೆ ಮಾರಿದ ದುಡ್ಡು, ಮಗಳ ಮದುವೆಗೆಂದು ಇಟ್ಟದ್ದು ಎಂದರು. "ಯಾವಾಗ ಸಿಗುತ್ತದೆ ಮಗನೇ?" ಎಂದು ಕೇಳಿದರು. ಹುಡುಗ ತಲೆ ಎತ್ತಲಿಲ್ಲ. ದುಬೈಗೆ ಹೋಗಿದ್ದ ಕಂಪನಿಯ ಮುಖ್ಯಸ್ಥ ಮುಂದಿನ ತಿಂಗಳೇ ಮರಳಿ ಬಂದು ಬಂಧಿತನಾದ, ಟಿವಿಯಲ್ಲಿ ದಿನವಿಡೀ ಅದೇ ಸುದ್ದಿ. ಆ ತಾಯಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಕಂಪನಿಯ ಪರವಾಗಿ ವರದಿ ಕೊಡಲು ಲಂಚ ಪಡೆದರೆಂಬ ಆರೋಪದ ಮೇಲೆ ಕಂದಾಯ ಅಧಿಕಾರಿಗಳೇ ಬಂಧಿತರಾದದ್ದು ಈಗ ಎಷ್ಟು ಜನರಿಗೆ ನೆನಪಿದೆ?

ಮರುವರ್ಷ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಸರದಿ. 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿರ್ಬಂಧಿಸಿತು. ಠೇವಣಿದಾರರಲ್ಲಿ ನಿವೃತ್ತರೇ ಬಹಳ. ಬಡ್ಡಿಯಲ್ಲೇ ಔಷಧಿ, ಬಡ್ಡಿಯಲ್ಲೇ ಮನೆಖರ್ಚು. ಠೇವಣಿ ವಿಮೆಯ ಮಿತಿ ಮರುತಿಂಗಳು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು ನಿಜ. ಆದರೆ ಜೀವಮಾನದ ಉಳಿತಾಯವನ್ನೆಲ್ಲ ನಂಬಿ ಒಂದೇ ಕಡೆ ಇಟ್ಟವರಿಗೆ ಐದು ಲಕ್ಷ ಯಾವ ಮೂಲೆಗೆ? ಎಪ್ಪತ್ತು ದಾಟಿದವರಿಗೆ ಹತ್ತು ವರ್ಷದ ವಿಚಾರಣೆ ಎಂದರೆ ದುಡ್ಡು ಬರುವುದಿಲ್ಲ ಎಂದೇ ಅರ್ಥ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಮುಟ್ಟುಗೋಲು ಹಾಕಿದ ಆಸ್ತಿ ಮಾರಿದಾಗ ಮೊದಲ ಕಂತು ಹಿರಿಯ ಠೇವಣಿದಾರರಿಗೆ, ಸಣ್ಣ ಮೊತ್ತದವರಿಗೆ, ಸಂಬಳ ಸಿಗದ ನೌಕರರಿಗೆ ಹೋಗಬೇಕು. ದೊಡ್ಡವರು ಆಮೇಲೆ ಕಾಯಲಿ, ಅವರಿಗೆ ಕಾಯುವ ಶಕ್ತಿ ಇದೆ. ಠೇವಣಿದಾರರ ರಕ್ಷಣೆಗೆಂದೇ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಅದರಡಿ ಎಷ್ಟು ಆಸ್ತಿ ಜಪ್ತಿಯಾಯಿತು, ಎಷ್ಟು ಮಾರಾಟವಾಯಿತು, ಎಷ್ಟು ಜನರ ಖಾತೆಗೆ ಎಷ್ಟು ಸೇರಿತು ಎಂಬ ಲೆಕ್ಕವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಜನರ ಮುಂದಿಡಬೇಕು. ಈ ಬೇಡಿಕೆಯನ್ನು ಬರೆದು ನಮ್ಮ ಕ್ಷೇತ್ರದ ಶಾಸಕರಿಗೆ ಕೊಡುತ್ತಿದ್ದೇನೆ. ಸಹಿ ಹಾಕುವ ಮನಸ್ಸಿರುವ ಠೇವಣಿದಾರರು, ಅವರ ಮಕ್ಕಳು ನನಗೆ ಸಂದೇಶ ಕಳುಹಿಸಿ.