ಶಾಖಾಘಾತಕ್ಕೆ ಪ್ಯಾರಾಸಿಟಮಾಲ್ ಮದ್ದಲ್ಲ: ಸ್ಪಷ್ಟನೆ

ಶಾಖಾಘಾತ, ಅಂದರೆ ಹೀಟ್ ಸ್ಟ್ರೋಕ್, ಆದವರಿಗೆ ಮೊದಲು ಪ್ಯಾರಾಸಿಟಮಾಲ್ ನುಂಗಿಸಬೇಕು, ತಣ್ಣೀರು ಸುರಿದರೆ ರಕ್ತನಾಳ ಒಡೆಯುತ್ತದೆ ಎಂದು ಹರಿದಾಡುತ್ತಿರುವ ವಾಟ್ಸ್ಆ್ಯಪ್ ಸಂದೇಶದ ಎರಡೂ ಮಾತುಗಳು ತಪ್ಪು. ಸೋಂಕಿನ ಜ್ವರದಲ್ಲಿ ಮಿದುಳಿನಲ್ಲಿ ತಾಪವನ್ನು ನಿಯಂತ್ರಿಸುವ ಭಾಗವಾದ ಹೈಪೊಥಲಾಮಸ್ ದೇಹದ ತಾಪದ ಗುರಿಯನ್ನೇ ಏರಿಸಿರುತ್ತದೆ, ಮಾತ್ರೆ ಇಳಿಸುವುದು ಆ ಗುರಿಯನ್ನು. ಶಾಖಾಘಾತದಲ್ಲಾದರೋ ಗುರಿ ಬದಲಾಗಿರುವುದಿಲ್ಲ, ಶಾಖವನ್ನು ಹೊರಹಾಕುವ ವ್ಯವಸ್ಥೆಯೇ ಸೋತಿರುತ್ತದೆ, ಆದ್ದರಿಂದ ಮಾತ್ರೆ ನಿಷ್ಪ್ರಯೋಜಕವಷ್ಟೇ ಅಲ್ಲ, ಬಳಲಿದ ಯಕೃತ್ತಿಗೆ ಹೊರೆಯೂ ಹೌದು. ಒಳತಾಪ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ಆದರೆ ಥರ್ಮಾಮೀಟರ್ ಹುಡುಕುತ್ತ ಕೂರಬೇಕಿಲ್ಲ: ಬಿಸಿಲಲ್ಲಿದ್ದವರ ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ, 108ಕ್ಕೆ ಕರೆ ಮಾಡಿ, ನೆರಳಿಗೆ ಸಾಗಿಸಿ, ಮೈಯೆಲ್ಲ ತಣ್ಣೀರಿನಿಂದ ತೋಯಿಸಿ ಗಾಳಿ ಬೀಸಬೇಕು. ಮ್ಯಾರಥಾನ್‌ಗಳಲ್ಲಿ ಕುಸಿದ ಓಟಗಾರರನ್ನು ವೈದ್ಯರು ಮಂಜುಗಡ್ಡೆ ನೀರಿನ ತೊಟ್ಟಿಯಲ್ಲೇ ಮುಳುಗಿಸುತ್ತಾರೆ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಆ ಸಂದೇಶವನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ.