ಒಲೆಯ ಮೇಲೆ ಹಾಲಿಟ್ಟು ಊರಿಗೆ ಹೋದವರು

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಯೂನಿಕೋಡ್ ಪಠ್ಯವಾಗಿಸುವ ನನ್ನ ಹುಚ್ಚು ನಿಮಗೆಲ್ಲ ತಿಳಿದದ್ದೇ. ನಿನ್ನೆ ಸಂಜೆ 412 ಪುಟಗಳ ಪುಸ್ತಕವೊಂದನ್ನು ಒಂದು ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಒಪ್ಪಿಸಿದೆ. ಹೆಸರು ಬೇಡ, ಮಾಡಿದವರು ಒಳ್ಳೆಯವರು. ಅದು ತೆರೆಮರೆಯಲ್ಲಿ ಚಿತ್ರದಲ್ಲಿನ ಅಕ್ಷರ ಗುರುತಿಸುವ ಟೆಸೆರಾಕ್ಟ್ ಎಂಬ ತಂತ್ರಾಂಶದ ನಾಲ್ಕು ಪ್ರೊಸೆಸ್‌ಗಳನ್ನು (ಓಡುವ ಪ್ರತಿಗಳನ್ನು) ಹೊರಡಿಸಿ ಒಂದೊಂದಕ್ಕೂ 103 ಪುಟ ಹಂಚುತ್ತದೆ. ಸ್ವಲ್ಪ ಹೊತ್ತಿಗೆ ವಿಂಡೋ ಬೂದುಬಣ್ಣಕ್ಕೆ ತಿರುಗಿ ‘ಪ್ರತಿಕ್ರಿಯಿಸುತ್ತಿಲ್ಲ’ ಎಂದಿತು. ಬಲವಂತವಾಗಿ ಮುಚ್ಚಿ, ಮತ್ತೆ ತೆರೆದು, ಮತ್ತೆ ‘ಆರಂಭಿಸು’ ಒತ್ತಿ ಊಟಕ್ಕೆ ಎದ್ದೆ.

ಬಂದು ನೋಡಿದರೆ ಲ್ಯಾಪ್‌ಟಾಪು ಕಾದ ಕಾವಲಿ. ಓಡುತ್ತಿರುವ ಪ್ರೊಸೆಸ್‌ಗಳನ್ನು ಪಟ್ಟಿಮಾಡಿ ತೋರಿಸುವ ಎಚ್‌ಟಾಪ್‌ನಲ್ಲಿ ಎಂಟು ಟೆಸೆರಾಕ್ಟ್‌ಗಳಿದ್ದವು! ಮೊದಲ ನಾಲ್ಕು ಸತ್ತೇ ಇರಲಿಲ್ಲ. ಹೊರಡಿಸಿದ ತಂದೆ ಪ್ರೊಸೆಸ್ ಹೋದ ಮೇಲೆ ಲಿನಕ್ಸ್ ಆ ಅನಾಥರನ್ನು ಹಿನ್ನೆಲೆ ಕೆಲಸಗಳ ಮೇಲ್ವಿಚಾರಕನಾದ ಸಿಸ್ಟಮ್‌ಡಿಯ ಮಡಿಲಿಗೆ ಹಾಕಿತ್ತು, ಅವು ನಿಷ್ಠೆಯಿಂದ ದುಡಿಯುತ್ತಲೇ ಇದ್ದವು. ಹಳೆಯ ತಂಡ ಬರೆದ ಕಡತದ ಮೇಲೆಯೇ ಹೊಸ ತಂಡವೂ ಬರೆಯುತ್ತಿತ್ತು.

ನನ್ನ ತಕರಾರು ಇಷ್ಟೇ: ಕೆಲಸ ಹಚ್ಚಿದವರು ಅದರ ಹೊಣೆಯನ್ನೂ ಹೊರಬೇಕು. ವಿಂಡೋವನ್ನು ಚಿತ್ರಿಸುವ ಥ್ರೆಡ್ಡನ್ನೇ (ಪ್ರೊಸೆಸ್ಸಿನೊಳಗಿನ ಕೆಲಸದ ಎಳೆಯನ್ನೇ) ಮಕ್ಕಳ ಕೆಲಸ ಮುಗಿಯಲೆಂದು ಕಾಯಲು ಕೂರಿಸಿದರೆ ವಿಂಡೋ ಹೆಪ್ಪುಗಟ್ಟದೆ ಮತ್ತೇನಾದೀತು? ಮುಚ್ಚುವಾಗ ‘ಕೆಲಸ ನಿಲ್ಲಿಸಲೇ, ಮುಂದುವರಿಸಲೇ’ ಎಂದು ಕೇಳುವುದು, ನಿಲ್ಲಿಸುವುದಾದರೆ ಇಡೀ ಪ್ರೊಸೆಸ್ ಗುಂಪಿಗೆ ಮೊದಲು ‘ಮುಗಿಸಿ ಹೊರಡಿ’ ಎನ್ನುವ ಸಿಗ್‌ಟರ್ಮ್ ಸಂಕೇತ ಕಳುಹಿಸಿ, ಕೈಲಿರುವ ಪುಟ ಮುಗಿಸಲು ನಾಲ್ಕಾರು ಸೆಕೆಂಡು ಕೊಟ್ಟು, ಆಮೇಲಷ್ಟೇ ಕೇಳದೆ ಕೊಲ್ಲುವ ಸಿಗ್‌ಕಿಲ್‌ಗೆ ಕೈಹಾಕುವುದು, ಮುಂದುವರಿಸುವುದಾದರೆ ಕೆಲಸವನ್ನು ಸಿಸ್ಟಮ್‌ಡಿಯ ಬಳಕೆದಾರ ಸರ್ವಿಸ್ ಆಗಿ ಒಪ್ಪಿಸಿ, ವಿಂಡೋ ಮತ್ತೆ ತೆರೆದಾಗ ಅದರ ಸ್ಥಿತಿಯನ್ನು ಕೇಳಿ ತಿಳಿದುಕೊಳ್ಳುವುದು, ಇವೆಲ್ಲ ಹೊಸ ವಿದ್ಯೆಯೇನಲ್ಲ. ತಂದೆಯೇ ದಿಢೀರನೆ ಸತ್ತರೂ ಮಕ್ಕಳು ಉಳಿಯದಂತೆ ಮಾಡಲು ವಿಂಡೋಸ್‌ನಲ್ಲಿ ಪ್ರೊಸೆಸ್‌ಗಳನ್ನು ಒಂದೇ ಕಟ್ಟಾಗಿ ನಿಭಾಯಿಸುವ ಜಾಬ್ ಆಬ್ಜೆಕ್ಟ್ ಇದೆ. ಇವುಗಳಲ್ಲಿ ಒಂದನ್ನೂ ಮಾಡದೆ ಪ್ರಗತಿಪಟ್ಟಿಗೆ ಮಾತ್ರ ಚೆಂದದ ಹಸಿರು ಬಳಿದಿದ್ದಾರೆ.

‘ಟರ್ಮಿನಲ್‌ನಲ್ಲಿ ಟಿಮಕ್ಸ್ ಹಾಕಿಕೊಂಡು ಓಡಿಸಬಾರದೇ?’ ಎಂದು ಇಲ್ಲಿಯೇ ಒಬ್ಬರು ಕೇಳುತ್ತಾರೆಂದು ಬಲ್ಲೆ. ಓಡಿಸಬಹುದು ಸ್ವಾಮಿ, ಟರ್ಮಿನಲ್ ಮುಚ್ಚಿದರೂ ಟಿಮಕ್ಸ್ ಕೆಲಸವನ್ನು ಉಳಿಸಿಕೊಳ್ಳುತ್ತದೆ. ಆದರೆ ಇದೇ ತಂತ್ರಾಂಶವನ್ನು ನಿವೃತ್ತ ಮೇಷ್ಟ್ರಾದ ನಮ್ಮ ಮಾವನವರಿಗೂ ಹಾಕಿಕೊಟ್ಟಿದ್ದೇನೆ. ಅವರ ಪಾಲಿಗೆ ವಿಂಡೋ ಮುಚ್ಚಿತೆಂದರೆ ಕೆಲಸ ನಿಂತಿತು. ಹಾಗೆ ನಂಬುವುದು ಅವರ ತಪ್ಪೇ?

ಇಷ್ಟು ಕೂಗಾಡುವ ನಾನೂ ಸಾಚಾ ಅಲ್ಲ. ಹಿಂದೊಮ್ಮೆ ನಾನು ಬರೆದ ಬ್ಯಾಕಪ್ ತಂತ್ರಾಂಶ, ಹೊರಡಿಸಿದ ಪ್ರೊಸೆಸ್ಸಿನ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟು, ‘ನಿಲ್ಲಿಸು’ ಒತ್ತಿದಾಗ ಆ ಸಂಖ್ಯೆಗೆ ಕಣ್ಣುಮುಚ್ಚಿ ‘ಕಿಲ್ -9’ (ಅದೇ ಸಿಗ್‌ಕಿಲ್) ಕೊಡುತ್ತಿತ್ತು. ಯಂತ್ರ ಮರುಚಾಲನೆಯಾದ ಮೇಲೆ ಅದೇ ಸಂಖ್ಯೆ ಬೇರೆಯದಕ್ಕೆ ಸಿಗಬಹುದೆಂಬುದು, ಸಹೋದ್ಯೋಗಿಯೊಬ್ಬರು ಅರ್ಧ ಟೈಪಿಸಿದ್ದ ವರದಿ ಕಣ್ಣೆದುರೇ ಮಾಯವಾಗುವವರೆಗೂ ನನಗೆ ಹೊಳೆದಿರಲಿಲ್ಲ. ಅವರಿಗೆ ‘ಕರೆಂಟ್ ಏರುಪೇರು’ ಎಂದಿದ್ದೆ.

ನಿನ್ನೆಯ ಎಂಟನ್ನೂ ನಾನೇ ನಿಲ್ಲಿಸಿದ್ದೇನೆ. ಬಿಟ್ಟ ಪುಟದಿಂದ ಮುಂದುವರಿಸುವ ಸೌಲಭ್ಯವೂ ಆ ತಂತ್ರಾಂಶದಲ್ಲಿಲ್ಲವಾದ್ದರಿಂದ, ಇದನ್ನು ಬರೆಯುವ ಹೊತ್ತಿಗೆ ಮತ್ತೆ ಒಂದನೆಯ ಪುಟದಿಂದ ಹೊರಟಿದೆ.